ರೈತನ ಮನೆಯಲ್ಲಿ ನಾಲ್ಕು ಬಡಿಗ ಹತ್ಯಾರಗಳಿರಲಿ

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ನಮ್ಮ ಹಳ್ಳಿಗಳಲ್ಲಿ ಇಂದು ಒಂದು ಕೊಡಲಿಯ ಕಾವು ಮುರಿದರೆ ರೈತನು ಏನು ಮಾಡುತ್ತಾನೆಂಬುದನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಅವನು ಸಂತೆಯ ದಿನದ ವರೆಗೆ ಕಾಯುತ್ತಾನೆ. ಅವಸರವಿದ್ದರೆ ಮೋಟಾರು ಸೈಕಲ್ಲು ಹತ್ತಿ ಪೇಟೆಗೆ ಹೋಗಿ, ಯಾವ ಗಿಡದ ಕಟ್ಟಿಗೆಯೆಂದು ಮಾರುವವನಿಗೂ ಗೊತ್ತಿಲ್ಲದ, ಮೇಲೆ ಬಣ್ಣ ಬಳಿದ ಒಂದು ಕಾವು ತರುತ್ತಾನೆ. ಅದು ಒಂದು ಹಂಗಾಮು ಬಾಳಿದರೆ ಪುಣ್ಯ. ಇತ್ತ ಅವನ ಹೊಲದ ಬದುವಿನ ಮೇಲೆಯೇ ಕಾವಿಗೆ ಹೇಳಿ ಮಾಡಿಸಿದಂಥ ಜಾಲಿಯ ಗಿಡ ನಿಂತಿರುತ್ತದೆ. ಗಿಡವಿದೆ, ಕೈಯಿದೆ, ಬೇಸಿಗೆಯಲ್ಲಿ ಹೊತ್ತೂ ಇದೆ. ಇಲ್ಲದಿರುವುದು ನಾಲ್ಕು ಹತ್ಯಾರಗಳು ಮತ್ತು ಅವುಗಳನ್ನು ಹಿಡಿಯುವ ರೂಢಿ.

ಮೊದಲು ಇದರ ಅಗತ್ಯ ಬೀಳುತ್ತಿರಲಿಲ್ಲ. ಊರಿಗೊಂದು ಬಡಿಗರ ಮನೆ, ಆ ಮನೆಯ ಮುಂದೊಂದು ಬೇವಿನ ಗಿಡ, ಗಿಡದ ನೆರಳಿನಲ್ಲಿ ರಂಟೆ, ಕುಂಟೆ, ಕೂರಿಗೆ, ನೊಗಗಳ ರಾಶಿ. ಕೆಲಸಕ್ಕೆ ರೊಕ್ಕದ ಮಾತಿರಲಿಲ್ಲ. ಸುಗ್ಗಿಯಲ್ಲಿ ಬಡಿಗನು ಕಣಕ್ಕೆ ಬಂದು ತನ್ನ ಆಯ ಒಯ್ಯುತ್ತಿದ್ದ. ನೆರೆಯ ಮರಾಠಿ ಹಳ್ಳಿಗಳಲ್ಲಿ ಬಲುತೆಯೆನ್ನುವುದೂ ಇದನ್ನೇ. ಮುಂದೆ ಕಬ್ಬಿಣದ ಕೂರಿಗೆ ಬಂತು, ಟ್ರ್ಯಾಕ್ಟರು ಬಂತು, ಎತ್ತುಗಳು ಕಡಿಮೆಯಾದವು, ಆಯವೂ ನಿಂತಿತು. ಬಡಿಗರ ಹುಡುಗರು ಸೊಲ್ಲಾಪುರ, ಪುಣೆ, ಮುಂಬಯಿಗಳಿಗೆ ಪ್ಲೈವುಡ್ಡಿನ ಕೆಲಸ ಹುಡುಕಿಕೊಂಡು ಹೋದರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಕಾಳು ಅಳೆದು ಕೊಡುವವರು ಇಲ್ಲದ ಮೇಲೆ ಅವರಾದರೂ ಬೇವಿನ ನೆರಳಿನಲ್ಲಿ ಯಾಕೆ ಕುಳಿತಿರಬೇಕು? ಆದರೆ ಸಣ್ಣ ಕೆಲಸಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ಕುಡಗೋಲಿನ ಹಿಡಿ, ಪಿಕಾಸಿಯ ಕಾವು, ಗೋದಲಿಯ ಅಡ್ಡಪಟ್ಟಿ, ಕೋಳಿಗೂಡಿನ ಬಾಗಿಲು, ಹೊರಸಿನ ಕಾಲು, ಕುಂತು ರೊಟ್ಟಿ ಬಡಿಯುವ ಮಣೆ, ಇವೆಲ್ಲ ಇನ್ನೂ ಮುರಿಯುತ್ತಲೇ ಇವೆ.

ಪ್ರತಿಯೊಂದು ರೈತನ ಮನೆಯಲ್ಲಿ ಒಬ್ಬರಾದರೂ, ಗಂಡಾಗಲಿ ಹೆಣ್ಣಾಗಲಿ, ಇಷ್ಟು ಕೆಲಸ ಕಲಿತಿರಬೇಕೆಂಬುದು ನಮ್ಮ ಅಭಿಪ್ರಾಯ. ಅದನ್ನು ಕೈಹತ್ಯಾರಗಳಿಂದಲೇ ಆರಂಭಿಸಬೇಕು, ಯಂತ್ರದಿಂದಲ್ಲ ಎಂಬುದು ಅದಕ್ಕಿಂತ ಗಟ್ಟಿಯಾದ ಅಭಿಪ್ರಾಯ.

ಇದಕ್ಕೆ ಎರಡು ಆಕ್ಷೇಪಣೆಗಳನ್ನು ನಾವು ಕೇಳಿದ್ದೇವೆ. ಇದು ಬಡಿಗರ ಕಸುಬು, ಉಳಿದವರು ಅದಕ್ಕೆ ಕೈ ಹಾಕಬಾರದು ಎಂಬುದು ಮೊದಲನೆಯದು. ಇದನ್ನು ಹೇಳುವವರಲ್ಲಿ ಎರಡು ಬಗೆ. ಉಳಿ ಹಿಡಿದರೆ ತಮ್ಮ ಘನತೆಗೆ ಕುಂದೆಂದು ತಿಳಿದವರಿಗೆ ನಾವು ಹೇಳುವುದೇನೂ ಇಲ್ಲ. ಅಂಥವರ ಕೊಡಲಿಯ ಕಾವು ಮುರಿದೇ ಇರಲಿ. ಬಡಿಗನ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಅಂಜುವವರು ಒಳ್ಳೆಯ ಮನಸ್ಸಿನವರು, ಆದರೆ ಅವರ ಅಂಜಿಕೆಗೆ ಕಾರಣವಿಲ್ಲ. ಬಾಗಿಲು, ಚೌಕಟ್ಟು, ತೊಲೆ, ಬಂಡಿ, ಮಂಚಗಳು ಇಂದಿಗೂ ಬಡಿಗನ ಕೆಲಸವೇ. ಅವನ್ನು ಅವನೇ ಮಾಡಬೇಕು, ಪೂರಾ ಕೂಲಿಯನ್ನೂ ಪಡೆಯಬೇಕು. ಒಂದು ಕುಡಗೋಲಿನ ಹಿಡಿಗಾಗಿ ಅವನನ್ನು ಕರೆದರೆ ಬರಲು ಅವನಿಗೂ ಪರವಡುವುದಿಲ್ಲ. ಅಲ್ಲದೆ, ತಾನೇ ಒಂದು ಬೆಸುಗೆ ಕೂಡಿಸಿ ನೋಡಿದ ರೈತನು ಬಡಿಗನ ಕೂಲಿಯಲ್ಲಿ ಚೌಕಾಶಿ ಮಾಡುವುದು ಕಡಿಮೆಯಾಗುತ್ತದೆಂದು ನಮಗೆ ತೋರುತ್ತದೆ.

ಎರಡನೆಯ ಆಕ್ಷೇಪಣೆ ತರುಣರದು. ಇದು ಯಂತ್ರದ ಕಾಲ, ಬಡಿಗರೇ ಯಂತ್ರ ಹಿಡಿದಿರುವಾಗ ನಮಗೆ ಗರಗಸದಲ್ಲಿ ಬೆವರು ಸುರಿಸಿರೆಂದು ಹೇಳುವುದೇಕೆ ಎನ್ನುತ್ತಾರೆ. ಮೊಬೈಲಿನಲ್ಲಿ ನಾಲ್ಕು ಚಿತ್ರ ನೋಡಿ, ಪೇಟೆಗೆ ಹೋಗಿ, ಮೊಟ್ಟಮೊದಲು ಅವರು ಕೊಳ್ಳುವುದು ಒಂದು ಗ್ರೈಂಡರು. ಕಬ್ಬಿಣ ಕತ್ತರಿಸಲು, ಬೆಸುಗೆಯ ಗಂಟು ಸವರಲು ಮಾಡಿದ ಯಂತ್ರ ಅದು. ಅದಕ್ಕೆ ಕಟ್ಟಿಗೆ ಕೊಯ್ಯುವ ಹಲ್ಲಿನ ಚಕ್ರ ಸಿಕ್ಕಿಸಿ ಗರಗಸವನ್ನಾಗಿ ಮಾಡಿಕೊಳ್ಳುತ್ತಾರೆ. ದೊಡ್ಡ ಚಕ್ರ ಹಿಡಿಯಲೆಂದು ಮೇಲಿನ ಕಾವಲು ತಗಡನ್ನು ಬಿಚ್ಚಿ ಮೂಲೆಗೆ ಎಸೆಯುತ್ತಾರೆ. ನಮ್ಮ ಇಂದಿನ ಬರಹಕ್ಕೆ ಮುಖ್ಯ ಕಾರಣ ಇದೇ ಆಗಿದೆ.

ಇದರ ಅಪಾಯ ಎಲ್ಲಿದೆಯೆಂಬುದನ್ನು ಬಿಡಿಸಿ ಹೇಳುವುದು ಅವಶ್ಯ. ನಾಲ್ಕು ಇಂಚಿನ ಗ್ರೈಂಡರು ಒಂದು ಮಿನಿಟಿಗೆ ಸುಮಾರು 11,000 ಸುತ್ತು ತಿರುಗುತ್ತದೆ. ಕಟ್ಟಿಗೆ ಕೊಯ್ಯಲೆಂದೇ ಮಾಡಿದ ಕೈಯಂತ್ರದ ಗರಗಸವು ಸಾಮಾನ್ಯವಾಗಿ ಅದರ ಅರ್ಧದಷ್ಟು ವೇಗದಲ್ಲಿ ತಿರುಗುತ್ತದೆ. ಅಲ್ಲದೆ ಅದಕ್ಕೆ ಹಲಗೆಯ ಮೇಲೆ ಕೂಡುವ ಅಗಲವಾದ ತಳಪಟ್ಟಿ ಇರುತ್ತದೆ. ಹಲಗೆಯಿಂದ ಎತ್ತಿದ ಕೂಡಲೇ ಚಕ್ರವನ್ನು ಮುಚ್ಚುವ ತಗಡೂ ಇರುತ್ತದೆ. ಗ್ರೈಂಡರಿಗೆ ಇವೆರಡೂ ಇಲ್ಲ. ಕಬ್ಬಿಣ ಕೊಯ್ಯುವ ಚಕ್ರ ನುಣುಪಾಗಿದ್ದು ಸವೆಯುತ್ತ ಹೋಗುತ್ತದೆ, ಆದರೆ ಹಲ್ಲಿನ ಚಕ್ರವು ಗಂಟಿಗೆ ಸಿಕ್ಕಿದರೆ ಅಥವಾ ಕೊಯ್ದ ಸೀಳು ಮುಚ್ಚಿಕೊಂಡು ಹಲ್ಲನ್ನು ಹಿಡಿದರೆ ಯಂತ್ರವೇ ಕೈಯಿಂದ ಸಿಡಿದು ಹಿಡಿದವನ ಕಡೆಗೆ ಹಾರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಅದು ತೊಡೆಗೋ ಮುಂಗೈಗೋ ಕುತ್ತಿಗೆಗೋ ತಾಗಿರುತ್ತದೆ. ಬಲವುಳ್ಳವನು ಹಿಡಿದು ನಿಲ್ಲಿಸಬಹುದೆಂಬುದು ಬರಿಯ ಭ್ರಮೆ. ಮೈಯಲ್ಲಿ ಎಷ್ಟೇ ಬಲವಿದ್ದರೂ ಆ ವೇಗಕ್ಕೆ ಕೈ ತಿರುಗುವುದಿಲ್ಲ.

ಬಡಿಗರೇ ಗ್ರೈಂಡರು ಹಿಡಿಯುತ್ತಾರಲ್ಲ ಎಂದು ಕೇಳಬಹುದು. ಹೌದು, ಕೆಲವರು ಹಿಡಿಯುತ್ತಾರೆ, ಅವರಲ್ಲಿಯೂ ಬೆರಳು ಕಳೆದುಕೊಂಡವರಿದ್ದಾರೆ. ದಿನವಿಡೀ ಕೆಲಸ ಮಾಡುವವನಿಗೆ ಯಂತ್ರದಿಂದ ತಾಸುಗಟ್ಟಲೆ ಹೊತ್ತು ಉಳಿಯುತ್ತದೆ. ವಾರಕ್ಕೊಮ್ಮೆ ಒಂದು ತಾಸು ಕೆಲಸ ಮಾಡುವ ರೈತನಿಗೆ ಉಳಿಯುವುದು ಹತ್ತು ಮಿನಿಟು. ಹತ್ತು ಮಿನಿಟಿಗಾಗಿ ಪಣಕ್ಕಿಡುವುದು ಯಾವ ಕೈಯನ್ನು? ಹಾಲು ಹಿಂಡುವ ಕೈ, ಕೂರಿಗೆಯ ಬಟ್ಟಲಿಗೆ ಬೆರಳ ಸಂದಿಯಿಂದ ಹೆಚ್ಚು ಕಡಿಮೆಯಾಗದಂತೆ ಕಾಳು ಬಿಡುವ ಕೈ. ಆದುದರಿಂದ ಕಟ್ಟಿಗೆಗಾಗಿ ಗ್ರೈಂಡರು ಮನೆಯೊಳಗೆ ಬರಲೇಕೂಡದು. ಕಬ್ಬಿಣಕ್ಕಾಗಿ ಇದ್ದರೆ, ಕಾವಲು ತಗಡು ಸಹಿತ ಕಬ್ಬಿಣಕ್ಕೆ ಮಾತ್ರ ಇರಲಿ. ಮುಂದೆ ಕೈ ಪಳಗಿದ ಮೇಲೆ ಯಂತ್ರ ಬೇಕೆನಿಸಿದರೆ ತೂತು ಕೊರೆಯುವ ಡ್ರಿಲ್ಲನ್ನು ಕೊಳ್ಳಲು ಅಡ್ಡಿಯಿಲ್ಲ. ಅದನ್ನು ಸಹ ಅರ್ಥಿಂಗ್ ಇರುವ ಮೂರು ಕಾಲಿನ ಸಾಕೆಟ್ಟಿಗೇ ಜೋಡಿಸಬೇಕು. 30 ಮಿಲಿ ಆಂಪಿಯರಿನ ಸೋರಿಕೆಗೆ ತಾನೇ ಬಂದಾಗುವ ಸ್ವಿಚ್ಚು ಮನೆಯ ಬೋರ್ಡಿನಲ್ಲಿರಬೇಕು. ಬಾವಿಯ ಮೋಟಾರಿನ ಸ್ಟಾರ್ಟರಿನಿಂದ ಬರಿ ತಂತಿ ಎಳೆದು ಹಸಿ ನೆಲದ ಮೇಲೆ ಕೆಲಸ ಮಾಡುವ ಪದ್ಧತಿ ನಮ್ಮ ತೋಟಗಳಲ್ಲಿ ಬಹಳ ಇದೆ. ಅದರ ಬಗ್ಗೆ ಇನ್ನೊಮ್ಮೆ ಬೇರೆಯಾಗಿಯೇ ಬರೆಯಬೇಕಾದೀತು.

ಇನ್ನು ಏನನ್ನು ಕೊಳ್ಳಬೇಕೆಂಬುದು. ಗರಗಸ ಒಂದು, ಉಳಿ ಒಂದು, ಸುತ್ತಿಗೆ ಒಂದು, ಮೂಲೆಮಟ್ಟ ಒಂದು. ಇವುಗಳ ಸಂಗಡ ಒಂದು ಸಾಣೆಕಲ್ಲು, ಒಂದು ಮುಮ್ಮೂಲೆಯ ಅರ, ಹಿಡಿದಿಡಲು ಎರಡು ಶಿಕಂಜಾ. ಸೊಲ್ಲಾಪುರದ ಅಂಗಡಿಯಲ್ಲಿ ಗರಗಸಕ್ಕೆ ಕರವತ, ಉಳಿಗೆ ಪಟಾಶಿ, ಮೂಲೆಮಟ್ಟಕ್ಕೆ ಗುಣ್ಯಾ, ಅರಕ್ಕೆ ಕಾನಸ ಎಂದು ಕೇಳಬೇಕಾಗುತ್ತದೆ. ಅಂಗಡಿಯಲ್ಲಿ ಹಾಗೆಯೇ ಕೇಳಿರಿ, ಮನೆಗೆ ತಂದ ಮೇಲೆ ಮಕ್ಕಳಿಗೆ ಉಳಿಯೆಂದೇ ಕಲಿಸಿರಿ. ಎರಡು ಹೆಸರು ಗೊತ್ತಿದ್ದರೆ ಭಾರವೇನೂ ಆಗುವುದಿಲ್ಲ.

ಹನ್ನೆರಡು ಸಾಮಾನು ಒಂದೇ ಪೆಟ್ಟಿಗೆಯಲ್ಲಿ ಅಗ್ಗವಾಗಿ ಬರುವ ಸೆಟ್ಟಿಗೆ ಮರುಳಾಗಬೇಡಿರಿ. ಅದರ ಉಕ್ಕು ಮೆತ್ತಗಿರುವುದೇ ಹೆಚ್ಚು. ಎರಡು ಏಟಿಗೆ ಬಾಯಿ ಮಡಿಚಿಕೊಳ್ಳುತ್ತದೆ. ಉಳಿಯನ್ನು ಕೊಳ್ಳುವಾಗ ಅದರ ಬಾಯಿಯ ಹತ್ತಿರದ ಪಕ್ಕಕ್ಕೆ ಅರದ ಮೂಲೆಯನ್ನು ಹಗುರಾಗಿ ಎಳೆದು ನೋಡಲು ಅಂಗಡಿಯವನನ್ನು ಕೇಳಬೇಕು. ಅರ ಜಾರಿದರೆ ಉಕ್ಕಿಗೆ ನೀರು ಚೆನ್ನಾಗಿ ಹಾಕಿದ್ದಾರೆಂದು ತಿಳಿಯಬೇಕು. ಬೆಣ್ಣೆಯಂತೆ ಕಚ್ಚಿದರೆ ಬಿಟ್ಟು ಬರಬೇಕು. ಉಳಿಯ ಹಿಡಿಗೆ ಕಬ್ಬಿಣದ ಬಳೆ ಇರಬೇಕು. ಗರಗಸದ ಅಲಗನ್ನು ಸ್ವಲ್ಪ ಬಾಗಿಸಿ ಬಿಟ್ಟರೆ ಅದು ಮತ್ತೆ ನೆಟ್ಟಗಾಗಬೇಕು. ಮೂಲೆಮಟ್ಟವನ್ನು ಪರೀಕ್ಷಿಸುವುದು ಎಲ್ಲಕ್ಕಿಂತ ಸುಲಭ. ನೇರವಾದ ಅಂಚುಳ್ಳ ಹಲಗೆಗೆ ಅದನ್ನು ಆನಿಸಿ ಒಂದು ಗೆರೆ ಎಳೆಯಿರಿ, ಮಗ್ಗುಲು ಬದಲಿಸಿ ಆನಿಸಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದೇ ಗೆರೆಯಾದರೆ ಮಟ್ಟ ನಿಜ. ಗೆರೆಗಳು ಕವಲೊಡೆದರೆ ಎಷ್ಟು ಹೊಳೆಯುತ್ತಿದ್ದರೂ ಅದು ಸುಳ್ಳು ಮಟ್ಟ. ಈ ಪರೀಕ್ಷೆಯನ್ನು ಅಂಗಡಿಯ ಕಟ್ಟೆಯ ಮೇಲೆಯೇ ಮಾಡಬಹುದು, ಅದಕ್ಕೆ ನಾಚಬೇಕಾದ್ದಿಲ್ಲ.

ಹೊಸದೇ ಆಗಬೇಕೆಂಬ ಹಟವೂ ಬೇಡ. ಕೆಲಸ ಬಿಟ್ಟ ಬಡಿಗರ ಮನೆಯ ಅಟ್ಟದ ಮೇಲೆ ಜಂಗು ಹಿಡಿದು ಬಿದ್ದ ಹಳೆಯ ಉಳಿ ಅನೇಕ ವೇಳೆ ಇಂದಿನ ಹೊಸ ಉಳಿಗಿಂತ ಮೇಲಾಗಿರುತ್ತದೆ. ಊರಲ್ಲಿ ಕಮ್ಮಾರನಿದ್ದರೆ ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಉಳಿಯನ್ನೂ ಬಾಚಿಯನ್ನೂ ಬಡಿದುಕೊಡುತ್ತಾನೆ. ಆದರೆ ಬಾಚಿಯನ್ನು ಹೊಸಬರು ಹಿಡಿಯಬಾರದು. ಅದು ತನ್ನ ಕಾಲಿನ ಕಡೆಗೇ ಬರುವ ಹತ್ಯಾರ. ಹಳೆಯ ಬಡಿಗರು ಎರಡು ಪಾದಗಳ ನಡುವೆ ಕಟ್ಟಿಗೆ ಹಿಡಿದು ಬಾಚಿ ಆಡಿಸುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ, ಅವರಿಗೆ ಬಾಲ್ಯದಿಂದ ಬಂದ ಅಳತೆ ಅದು.

ಹತ್ಯಾರ ಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸಾಣೆಕಲ್ಲನ್ನು ಮರೆಯುತ್ತಾರೆ. ನಮ್ಮ ದೃಷ್ಟಿಯಲ್ಲಿ ಕಲ್ಲೇ ಮೊದಲು, ಉಳಿ ಆಮೇಲೆ. ಅಂಗಡಿಯಿಂದ ಬಂದ ಉಳಿ ಹರಿತವಾಗಿರುವುದಿಲ್ಲ. ಅದನ್ನು ಕಲ್ಲಿನ ಮೇಲೆ ಹರಿತ ಮಾಡಿಯೇ ಕೆಲಸಕ್ಕೆ ಹಚ್ಚಬೇಕು. ಓರೆ ಎಷ್ಟಿರಬೇಕೆಂದರೆ ಸುಮಾರು 30 ಡಿಗ್ರಿ. ಡಿಗ್ರಿ ಅಳೆಯುವ ಸಾಧನ ರೈತನ ಮನೆಯಲ್ಲಿ ಎಲ್ಲಿಂದ ಬರಬೇಕು? ಅದಕ್ಕೊಂದು ಸುಲಭದ ಲೆಕ್ಕವಿದೆ. ಉಳಿಯ ದಪ್ಪದ ಎರಡು ಪಟ್ಟು ಓರೆಯ ಉದ್ದವಿದ್ದರೆ ಅದು 30 ಡಿಗ್ರಿಯಾಯಿತು. ಅಂದರೆ ದಪ್ಪ 3 ಮಿಲಿಮೀಟರು ಇದ್ದರೆ ಓರೆ 6 ಮಿಲಿಮೀಟರು. ಕಲ್ಲಿನ ಮೇಲೆ ನೀರು ಅಥವಾ ತೆಳು ಎಣ್ಣೆ ಹಾಕಿ, ಓರೆ ಸಮನಾಗಿ ಕೂಡುವಂತೆ ಹಿಡಿದು ತಿಕ್ಕಬೇಕು. ಬೆನ್ನಿನ ಕಡೆಗೆ ಕೂದಲಿನಂಥ ಒರಟು ಅಂಚು ಏಳುವ ವರೆಗೆ ಬಿಡಬಾರದು. ಆಮೇಲೆ ಬೆನ್ನನ್ನು ಪೂರಾ ಮಟ್ಟವಾಗಿ ಕಲ್ಲಿನ ಮೇಲೆ ಮಲಗಿಸಿ ಎರಡು ಸಲ ಎಳೆದರೆ ಆ ಅಂಚು ಬೀಳುತ್ತದೆ. ಬೆನ್ನನ್ನು ಎಂದೂ ಎತ್ತಿ ಹಿಡಿದು ತಿಕ್ಕಕೂಡದು. ಹರಿತವಾಯಿತೋ ಇಲ್ಲವೋ ಎಂದು ಹೆಬ್ಬೆರಳಿನಿಂದ ನೋಡಬೇಡಿರಿ. ಮೆತ್ತನೆಯ ಕಟ್ಟಿಗೆಯ ಅಡ್ಡ ತುದಿಯನ್ನು ಕೈಯೊತ್ತಿನಿಂದಲೇ ಹೆರೆದರೆ ನುಣುಪಾದ ಮುಖ ಬಂದರೆ ಸಾಕು, ಹರಿತವಾಗಿದೆ.

ಅವಸರಕ್ಕೆಂದು ವಿದ್ಯುತ್ತಿನ ಸಾಣೆಗೆ ಉಳಿಯನ್ನು ಒತ್ತಿ ಹಿಡಿಯುವವರಿದ್ದಾರೆ. ಉಕ್ಕು ಕಾದು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅದರ ಗಡಸುತನ ಹೋಯಿತು. ಆ ನೀಲಿ ಭಾಗವೆಲ್ಲ ಸವೆಯುವ ವರೆಗೆ ಅದು ಉಳಿಯಲ್ಲ, ಬರಿಯ ಪಟ್ಟಿ. ಅಂಥ ಸಾಣೆಗೆ ಹಿಡಿಯಲೇ ಬೇಕಾದರೆ ಹಗುರಾಗಿ ತಾಗಿಸಿ, ಎರಡು ಎಣಿಕೆಗೊಮ್ಮೆ ನೀರಿನಲ್ಲಿ ಅದ್ದಬೇಕು.

ಹರಿತವಾದ ಹತ್ಯಾರಕ್ಕಿಂತ ಮೊಂಡ ಹತ್ಯಾರವೇ ಹೆಚ್ಚು ಅಪಾಯದ್ದೆಂದರೆ ಹೊಸಬರು ನಂಬುವುದಿಲ್ಲ. ಕಾರಣ ಸರಳವಿದೆ. ಹರಿತವಾದುದು ಸ್ವಲ್ಪ ಒತ್ತಿದರೆ ಸಾಕು, ಕಟ್ಟಿಗೆಯಲ್ಲಿ ಇಳಿಯುತ್ತದೆ. ಮೊಂಡಾದುದಕ್ಕೆ ಮೈಭಾರ ಹಾಕಿ ಒತ್ತಬೇಕಾಗುತ್ತದೆ, ಅದು ಜಾರಿದಾಗ ಆ ಮೈಭಾರವೆಲ್ಲ ಎದುರಿಗಿದ್ದ ಎಡಗೈಗೆ ಬೀಳುತ್ತದೆ. ಆದುದರಿಂದ ಉಳಿ ಹಿಡಿದವನಿಗೆ ನಾವು ಹೇಳುವ ಕಟ್ಟುನಿಟ್ಟಿನ ಮಾತು ಒಂದೇ: ಎರಡೂ ಕೈಗಳು ಬಾಯಿಯ ಹಿಂದೆ ಇರಬೇಕು. ಒಂದು ಕೈಯಿಂದ ಕಟ್ಟಿಗೆ ಹಿಡಿದು ಇನ್ನೊಂದು ಕೈಯಿಂದ ಉಳಿ ನೂಕುವುದು ನಿಷಿದ್ಧ. ಹಾಗಾದರೆ ಕಟ್ಟಿಗೆಯನ್ನು ಹಿಡಿಯುವವರು ಯಾರು? ಶಿಕಂಜಾ ಹಿಡಿಯಬೇಕು. ಅದಕ್ಕಾಗಿಯೇ ಎರಡು ಕೊಳ್ಳಿರೆಂದು ಹೇಳಿದ್ದು. ಒಂದೇ ಇದ್ದರೆ ಕಟ್ಟಿಗೆ ಗಾಲಿಯಂತೆ ತಿರುಗುತ್ತದೆ.

ಶಿಕಂಜಾ ಕಚ್ಚಿಸಲು ಒಂದು ಗಟ್ಟಿ ಜಾಗ ಬೇಕು. ಹುಣಸೆಯ ದಪ್ಪ ಬೊಡ್ಡೆ, ಹಳೆಯ ಬಂಡಿಯ ತೊಲೆ, ಮುರಿದ ಬಾಗಿಲಿನ ದಪ್ಪ ಹಲಗೆ, ಯಾವುದಾದರೂ ಆದೀತು. ಅಲುಗಾಡದಂತೆ ಕಾಲು ಕೊಟ್ಟು, ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿಗೆ ಬರುವಷ್ಟು ಎತ್ತರ ಮಾಡಿಕೊಳ್ಳಿರಿ. ನೆಲದ ಮೇಲೆ ಕುಳಿತು ಕಾಲ್ಬೆರಳುಗಳಿಂದ ಕಟ್ಟಿಗೆ ಒತ್ತಿ ಹಿಡಿಯುವುದು ನಮ್ಮ ಹಿರಿಯ ಬಡಿಗರ ಜಾಣ್ಮೆ. ಹೊಸಬರಿಗೆ ಅದು ಸಲ್ಲದು.

ಉಡುಪಿನ ವಿಷಯ ಬೇಗ ಮುಗಿಸುತ್ತೇವೆ. ತಿರುಗುವ ಯಾವ ಯಂತ್ರದ ಹತ್ತಿರವೂ ಹೆಗಲ ಮೇಲೆ ಟವೆಲ್ಲು, ಇಳಿಬಿದ್ದ ಸೆರಗು, ಬಿಟ್ಟ ಧೋತರದ ಚುಂಗು, ಕೈಗವಸು ಇರಬಾರದು. ಕೈಗವಸು ರಕ್ಷಣೆಯೆಂದು ಅನೇಕರು ತಿಳಿದಿದ್ದಾರೆ, ಆದರೆ ತಿರುಗುವ ಯಂತ್ರಕ್ಕೆ ಅದು ಸಿಕ್ಕರೆ ಕೈಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಕಾಲಿಗೆ ಮುಚ್ಚಿದ ಬೂಟು, ಕಣ್ಣಿಗೆ ಸಾದಾ ರಕ್ಷಣೆಯ ಕನ್ನಡಕ ಸಾಕು. ಹಳೆಯ ಮನೆಯ ಕಟ್ಟಿಗೆಯಾದರೆ ಮೊದಲು ಬೆರಳಾಡಿಸದೆ ಕಣ್ಣಿನಿಂದ ಮೊಳೆಗಳನ್ನು ಹುಡುಕಿ ಕೀಳಬೇಕು. ಅಡಗಿದ ಒಂದು ಮೊಳೆ ಗರಗಸದ ಹಲ್ಲುಗಳನ್ನು ಮುರಿಯುತ್ತದೆ, ಮುರಿದ ಚೂರು ಎಲ್ಲಿಗೆ ಹಾರುತ್ತದೆಂದು ಹೇಳಲಾಗದು. ಧೂಳಿನ ಬಗ್ಗೆಯೂ ಒಂದು ಮಾತು. ಜಾಗತಿಕ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕಟ್ಟಿಗೆಯ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ 1995ರಲ್ಲಿ ಸೇರಿಸಿತು. ವರ್ಷಗಟ್ಟಲೆ ಅದರಲ್ಲಿಯೇ ಇರುವ ಕೆಲಸಗಾರರ ಮೂಗಿಗೆ ಬರುವ ರೋಗವದು. ವಾರಕ್ಕೊಂದು ತಾಸಿನ ಕೆಲಸಕ್ಕೆ ಅಷ್ಟು ಅಂಜಬೇಕಾಗಿಲ್ಲ. ಆದರೂ ಕಾಚ ಪೇಪರಿನಿಂದ ತಿಕ್ಕುವಾಗ ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ತಿಕ್ಕುವುದು ಒಳಿತು.

ಇಷ್ಟು ಮಾಡಿದರೂ ಗಾಯವಾಗುವುದುಂಟು. ಆಗ ಅರಿಸಿನ, ಸುಣ್ಣ, ತಂಬಾಕಿನ ಪುಡಿಗಳನ್ನು ತುಂಬುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದು ಬೇಡ. ಶುದ್ಧವಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆ ಎತ್ತಬೇಕು. ಹತ್ತು ಮಿನಿಟು ತೆಗೆದು ನೋಡದೆ ಒತ್ತಿರಬೇಕು. ಸಣ್ಣ ಗಾಯವಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಧನುರ್ವಾತದ ಸೂಜಿಯ ಬಗ್ಗೆ ಕೇಳಬೇಕು. ಬೆರಳೇ ತುಂಡಾಗಿ ಬಿದ್ದಿದ್ದರೆ ಅದನ್ನು ಎಸೆಯಬೇಡಿರಿ, ನೇರವಾಗಿ ಬರ್ಫಿನಲ್ಲಿಯೂ ಇಡಬೇಡಿರಿ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಬರ್ಫಿನ ನೀರಿನ ಪಾತ್ರೆಯಲ್ಲಿಟ್ಟು, 108ಕ್ಕೆ ಫೋನು ಮಾಡಿ ರೋಗಿಯ ಸಂಗಡವೇ ಕಳುಹಿಸಬೇಕು. ಸಮಯಕ್ಕೆ ಮುಟ್ಟಿದರೆ ಕೂಡಿಸುವ ವೈದ್ಯರು ದೊಡ್ಡ ಊರುಗಳಲ್ಲಿದ್ದಾರೆ.

ಕಲಿಯುವುದು ಯಾರಿಂದ? ಪುಸ್ತಕದಿಂದಾಗಲಿ ನಮ್ಮ ಈ ಪುಟದಿಂದಾಗಲಿ ಪೂರಾ ಬರುವ ವಿದ್ಯೆಯಲ್ಲ ಇದು. ಊರಲ್ಲಿ ಅಥವಾ ನೆರೆಯೂರಲ್ಲಿ ಉಳಿದಿರುವ ಹಿರಿಯ ಬಡಿಗರ ಬಳಿಗೆ ನಾಲ್ಕು ಮಂದಿ ತರುಣರು ಕೂಡಿ ಹೋಗಿ, "ಕಾಕಾ, ನಮಗೆ ಉಳಿಗೆ ಸಾಣೆ ಹಿಡಿಯುವುದನ್ನು ಕಲಿಸಿರಿ" ಎಂದು ಕೇಳಬೇಕು. ಬರಿಗೈಯಿಂದಲ್ಲ, ದಿನದ ಕೂಲಿ ಕೊಟ್ಟು ಕೇಳಬೇಕು. ಎರಡು ದಿನ ಅವರ ಎದುರಿಗೆ ಕುಳಿತರೆ ವರ್ಷದ ತಡಕಾಟ ತಪ್ಪುತ್ತದೆ.

ಅದೇ ಬಡಿಗರಿಗೆ ನಮ್ಮಿಂದಲೂ ಒಂದು ಉಪಕಾರವಾಗಬಹುದು. 2023ರ ಸೆಪ್ಟೆಂಬರ 17ರಂದು ಕೇಂದ್ರ ಸರಕಾರವು ಆರಂಭಿಸಿದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಒಂದು. ತರಬೇತಿಯ ಕಾಲಕ್ಕೆ ದಿನಕ್ಕೆ 500 ರೂಪಾಯಿ, ಹತ್ಯಾರಗಳಿಗೆಂದು 15,000 ರೂಪಾಯಿಯ ವರೆಗೆ ನೆರವು, ಜಾಮೀನಿಲ್ಲದೆ ಶೇಕಡಾ 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ ಮೂರು ಲಕ್ಷದ ವರೆಗೆ ಸಾಲ, ಹೀಗೆ ಅದರ ಸ್ವರೂಪ. ಇದು ಕೈಯಿಂದ ಕಸುಬು ಮಾಡಿ ಬದುಕುವವರಿಗೆ, 18 ವರ್ಷ ತುಂಬಿದವರಿಗೆ, ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಹೊಲ ಮಾಡುವ ನಾವು ಅದಕ್ಕೆ ಆಸೆ ಪಡಕೂಡದು. ಆದರೆ ಅರ್ಜಿಯ ಕೆಲಸ ನಮ್ಮ ತಾಲೂಕುಗಳಲ್ಲಿ ಮರಾಠಿಯಲ್ಲಿ ನಡೆಯುತ್ತದೆ. ಮನೆಯಲ್ಲಿ ಕನ್ನಡವೊಂದನ್ನೇ ಆಡಿ ಬೆಳೆದ ಮುದುಕ ಬಡಿಗನಿಗೆ ಅಲ್ಲಿ ತನ್ನ ಕಸುಬನ್ನು ಸುತಾರ ಎಂದು ಬರೆಯಿಸಬೇಕೆಂಬುದೂ ಹೊಳೆಯಲಿಕ್ಕಿಲ್ಲ. ಓದು ಬರಹ ಬಲ್ಲ ಹುಡುಗನೊಬ್ಬ ಒಂದು ದಿನ ಅವರ ಜೊತೆಗೆ ಸೇವಾ ಕೇಂದ್ರಕ್ಕೆ ಹೋಗಿ ಬಂದರೆ, ಕಲಿತ ವಿದ್ಯೆಗೆ ಅದಕ್ಕಿಂತ ಒಳ್ಳೆಯ ದಕ್ಷಿಣೆ ಬೇರೆ ಯಾವುದು?

ಮೊದಲ ಕೆಲಸವಾಗಿ ಮೇಜು ಕುರ್ಚಿಗಳಿಗೆ ಕೈ ಹಾಕಬೇಡಿರಿ. ಒಂದು ಕೊಡತಿಯನ್ನು ಮಾಡಿಕೊಳ್ಳಿರಿ. ಉಳಿಯ ಹಿಡಿಗೆ ಕಬ್ಬಿಣದ ಸುತ್ತಿಗೆಯ ಏಟು ಬೀಳುವುದು ತಪ್ಪುತ್ತದೆ. ಜಾಲಿಯ ಅಥವಾ ಹುಣಸೆಯ ತುಂಡು, ಒಂದು ತೂತು, ಒಂದು ಹಿಡಿ, ಇಷ್ಟೇ. ಅದರ ಬಳಿಕ ಕೊಡಲಿಯ ಕಾವು.

ಕಾವಿನ ಕೆಲಸವನ್ನು ಸಣ್ಣದೆಂದು ಎಣಿಸಬೇಡಿರಿ. ಸಡಿಲ ಕಾವಿನಿಂದ ಹಾರಿದ ಕೊಡಲಿಯು ಎದುರಿಗೆ ನಿಂತವನ ಜೀವಕ್ಕೇ ಮುಳುವಾಗುವಂಥದು. ಕಾವಿನ ಕಟ್ಟಿಗೆಯಲ್ಲಿ ಎಳೆಗಳು ತುದಿಯಿಂದ ತುದಿಗೆ ನೇರವಾಗಿ ಓಡಿರಬೇಕು, ಗಂಟಿರಬಾರದು. ಆದುದರಿಂದಲೇ ಕಾವಿನ ಕಟ್ಟಿಗೆಯನ್ನು ಗರಗಸದಿಂದ ಕೊಯ್ಯುವುದಕ್ಕಿಂತ ಬೆಣೆ ಬಡಿದು ಸೀಳುವುದು ಲೇಸು. ಸೀಳು ಎಳೆಯ ಗುಂಟವೇ ಹೋಗುತ್ತದೆ. ಗರಗಸವು ನಾವು ಎಳೆದ ಗೆರೆಯ ಗುಂಟ ಹೋಗಿ ಎಳೆಗಳನ್ನು ಅಡ್ಡ ಕತ್ತರಿಸುತ್ತದೆ, ಮುರಿಯುವುದೂ ಅಲ್ಲಿಯೇ. ಪಿಕಾಸಿಯ ಕಾವು ತುದಿಯಲ್ಲಿ ದಪ್ಪವಾಗಿದ್ದು ಮೇಲಿನಿಂದ ಇಳಿಯುವುದರಿಂದ, ಬೀಸಿದಷ್ಟೂ ಬಿಗಿಯಾಗುತ್ತದೆ. ಕೊಡಲಿಯದು ಹಾಗಲ್ಲ, ಕೆಳಗಿನಿಂದ ಕಣ್ಣಿನೊಳಗೆ ಹೊಗಿಸಿ, ಮೇಲೆ ಗರಗಸದಿಂದ ಒಂದು ಸೀಳು ಹಾಕಿ, ಒಣಗಿದ ಗಟ್ಟಿ ಕಟ್ಟಿಗೆಯ ಬೆಣೆಯನ್ನು ಬಡಿಯಬೇಕು. ಕಾವು ಸಡಿಲಾದಾಗ ಕೊಡಲಿಯನ್ನು ನೀರಿನಲ್ಲಿ ನೆನೆಯಿಡುವುದು ಎಲ್ಲರ ರೂಢಿ. ನೆನೆದ ಕಟ್ಟಿಗೆ ಉಬ್ಬಿ, ಕಬ್ಬಿಣದ ಕಣ್ಣಿನೊಳಗೆ ತನ್ನನ್ನು ತಾನೇ ಹಿಸುಕಿಕೊಳ್ಳುತ್ತದೆ. ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲಾಗುತ್ತದೆ. ಆ ದಿನದ ಕೆಲಸ ನಡೆದೀತು, ಮರುದಿನ ಹೊಸ ಬೆಣೆ ಹಾಕಲೇಬೇಕು.

ಹಸಿ ಕಟ್ಟಿಗೆಯ ಕಾವು ಹಾಕಿದರೆ ಯಾವ ಬೆಣೆಯೂ ನಿಲ್ಲುವುದಿಲ್ಲ, ಯಾಕೆಂದರೆ ಒಣಗುತ್ತ ಅದು ಕುಗ್ಗುತ್ತದೆ. ಕಟ್ಟಿಗೆ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲಿಯೂ ವರ್ಷದ ಉಂಗುರಗಳ ಗುಂಟ ಕುಗ್ಗುವುದು, ನಡುವಿನಿಂದ ಹೊರಕ್ಕೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಇಡಿಯ ಟೊಂಗೆ ಒಣಗುವಾಗ ಬಿರಿಯುವುದು ಇದರಿಂದಲೇ. ಹಲಗೆಯಾದರೆ ಒಂದು ಇಂಚು ದಪ್ಪಕ್ಕೆ ನೆರಳಿನಲ್ಲಿ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ನಮ್ಮ ಸೊಲ್ಲಾಪುರದ ಕಡೆಯ ಒಣ ಹವೆಯಲ್ಲಿ ಅದಕ್ಕಿಂತ ಬೇಗ ಒಣಗುವುದುಂಟು, ಆದರೆ ಬೇಗ ಒಣಗಿದುದು ಬೇಗ ಬಿರಿಯುತ್ತದೆ. ಜಾಲಿಯನ್ನು ಹಿರಿಯರು ಕೆಲವು ತಿಂಗಳು ಕೆರೆಯ ನೀರಿನಲ್ಲಿ ಮುಳುಗಿಸಿ ಆಮೇಲೆ ಒಣಗಿಸುತ್ತಿದ್ದರು. ಹುಳ ಬೀಳುವುದು ಇದರಿಂದ ಕಡಿಮೆಯಾಗುತ್ತದೆ. ಹೊರಗಿನ ಬಿಳಿ ಭಾಗಕ್ಕೇ ಹುಳ ಮೊದಲು ಹತ್ತುವುದು, ಒಳಗಿನ ಕೆಂಪು ಚೇಗು ತಾಳುತ್ತದೆ.

ಬದುವಿನ ಗಿಡ ನಮ್ಮದೇ ಆದರೂ ಎಲ್ಲವನ್ನೂ ಕೇಳದೆ ಕಡಿಯಲು ಬರುವುದಿಲ್ಲ. ಮಹಾರಾಷ್ಟ್ರದ 1964ರ ಮರ ಕಡಿಯುವಿಕೆಯ ನಿಯಂತ್ರಣ ಕಾಯದೆಯ ಪಟ್ಟಿಯಲ್ಲಿ ಸಾಗುವಾನಿ, ಮಾವು, ಹುಣಸೆಗಳಿವೆ. ಇವುಗಳಿಗೆ ಅಪ್ಪಣೆ ಬೇಕು. ಬೇರೆ ಯಾವ ಗಿಡವಾದರೂ ಬುಡಕ್ಕೆ ಕೊಡಲಿ ಹಾಕುವ ಮೊದಲು ತಲಾಠಿಯವರನ್ನೋ ಅರಣ್ಯ ಇಲಾಖೆಯವರನ್ನೋ ಕೇಳಿಕೊಳ್ಳುವುದು ಕ್ಷೇಮ. ಕಾವಿಗಾದರೆ ಇಡೀ ಗಿಡದ ಕಾರಣವೇ ಇಲ್ಲ. ಮುಂಗೈ ದಪ್ಪದ ಎರಡು ಟೊಂಗೆ ಸಾಕು. ಉದ್ದಕ್ಕೆ ಸೀಳಿ, ಬೇಕಾದುದಕ್ಕಿಂತ ಒಂದು ಗೇಣು ಉದ್ದವೇ ಇಟ್ಟು, ಎರಡೂ ತುದಿಗಳಿಗೆ ಸೆಗಣಿ ಮಣ್ಣು ಮೆತ್ತಿ, ನೆಲಕ್ಕೆ ತಾಗದಂತೆ ದನದ ಕೊಟ್ಟಿಗೆಯ ಜಂತಿಯ ಮೇಲೆ ಗಾಳಿಯಾಡುವಂತೆ ಇಡಿರಿ. ಯಾವ ತಿಂಗಳು ಕಡಿದದ್ದೆಂಬುದನ್ನು ಅದರ ಮೇಲೆಯೇ ಇದ್ದಲಿಯಿಂದ ಬರೆದಿಡಿರಿ.